ಕಾಳ್ಗಿಚ್ಚಿನ ಕಾಲಕ್ಕೆ ಎರಡು ಮನೆಗಳ ಸಿದ್ಧತೆ

2020ರ ಆಗಸ್ಟ್ 20, ಗುರುವಾರ. ಮರುದಿನ ಗೌರಿ ಹಬ್ಬ, ಅದರ ಮರುದಿನ ಗಣೇಶನ ಚೌತಿ. ಫ್ರೀಮಾಂಟಿನ ನಮ್ಮ ಮನೆಯಲ್ಲಿ ಕಡುಬಿಗೆ ಕಾಯಿ ತುರಿಯುತ್ತಿದ್ದ ಹೊತ್ತಿಗೆ ಫೋನ್ ಬಂತು. ಸಾಂತಾಕ್ರೂಜ್ ಬೆಟ್ಟಗಳ ಕಡೆ, ಸ್ಕಾಟ್ಸ್ ವ್ಯಾಲಿ ಹತ್ತಿರ ಇರುವ ಸ್ನೇಹಿತರು. ‘ಮನೆ ಬಿಟ್ಟು ಹೊರಡಿ ಅಂತ ಆದೇಶ ಬಂದಿದೆ. ನಾವು ಐದು ಜನ ಇದ್ದೀವಿ, ಬರಬಹುದಾ?’ ಎಂದರು. ಕೋವಿಡ್ ಕಾಲ. ಅಂಗಡಿಯಿಂದ ತಂದ ಹಾಲಿನ ಡಬ್ಬವನ್ನೂ ಒರೆಸಿ ಒಳಗಿಡುತ್ತಿದ್ದ ದಿನಗಳು. ಹಾಗಂತ ಬರಬೇಡಿ ಎನ್ನುವುದುಂಟೇ? ಬನ್ನಿ ಎಂದೆವು.

ರಾತ್ರಿ ಎಂಟರ ಸುಮಾರಿಗೆ ಎರಡು ಕಾರು ಬಂದು ನಿಂತವು. ಎರಡು ಲ್ಯಾಪ್‌ಟಾಪ್, ದೇವರ ಮನೆಯ ಬೆಳ್ಳಿ ದೀಪಗಳು, ಮಕ್ಕಳ ಸ್ಕೂಲ್ ಬ್ಯಾಗು, ಒಂದು ಮೂಟೆ ಸೋನಾ ಮಸೂರಿ ಅಕ್ಕಿ, ಹಬ್ಬಕ್ಕೆಂದು ತಂದಿಟ್ಟಿದ್ದ ಹೂವು, ಒಂದು ಕುಕ್ಕರ್. ಕುಕ್ಕರ್ ಏಕೆ ತಂದೆವೋ ನಮಗೇ ಗೊತ್ತಿಲ್ಲ ಎಂದು ಅವರು ನಕ್ಕರು, ನಾವೂ ನಕ್ಕೆವು. ಊಟಕ್ಕೆ ಕೂತಾಗ ಅವರ ತಾಯಿ ಮಾತ್ರೆ ಕೇಳಿದರು. ಆಗ ನಗು ನಿಂತಿತು.

ಆ ಅಮ್ಮನಿಗೆ ಎಪ್ಪತ್ತೆರಡು ವರ್ಷ. ಫೆಬ್ರುವರಿಯಲ್ಲಿ ಮಗನ ಮನೆಗೆ ಬಂದವರು ವಿಮಾನಗಳು ನಿಂತದ್ದರಿಂದ ಇಲ್ಲೇ ಉಳಿದಿದ್ದರು. ಆರು ತಿಂಗಳ ವಾಸದ ಅವಧಿ ಮುಗಿಯುತ್ತ ಬಂದಿತ್ತು, ವಿಸ್ತರಣೆಗೆ ಅರ್ಜಿ ಹೋಗಿತ್ತು. ಅವರ ಪಾಸ್‌ಪೋರ್ಟ್, ಅರ್ಜಿಯ ರಸೀದಿ, ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲವೂ ಒಂದೇ ಕೈಚೀಲದಲ್ಲಿ ಬಹಳ ಭದ್ರವಾಗಿದ್ದವು. ಕೈಚೀಲ ಸೂಟ್‌ಕೇಸಿನಲ್ಲಿತ್ತು, ಸೂಟ್‌ಕೇಸು ಮಂಚದ ಕೆಳಗಿತ್ತು. ಅಷ್ಟು ಹೊತ್ತಿಗೆ ಆ ಕಡೆಯ ರಸ್ತೆಗೆ ಪೊಲೀಸರು ತಡೆ ಹಾಕಿಯಾಗಿತ್ತು. ಮಾತ್ರೆಯ ಹೆಸರೇನು ಎಂದರೆ ‘ಬೆಳಿಗ್ಗೆ ಬಿಳಿದು, ರಾತ್ರಿ ಗುಲಾಬಿ ಬಣ್ಣದ್ದು’ ಎಂದರು. ಮಗನಿಗೂ ಗೊತ್ತಿರಲಿಲ್ಲ, ಸೊಸೆಗೂ ಗೊತ್ತಿರಲಿಲ್ಲ.

ಇಲ್ಲಿ ರಾತ್ರಿ ಒಂಬತ್ತಾದರೆ ಅಲ್ಲಿ ಮರುದಿನ ಬೆಳಿಗ್ಗೆ ಒಂಬತ್ತೂವರೆ. ಊರಿನಲ್ಲಿದ್ದ ಮಗಳಿಗೆ ಫೋನ್ ಹೋಯಿತು. ಆಕೆ ಸ್ಕೂಟರ್ ಹತ್ತಿ ಅಮ್ಮ ಸದಾ ಮಾತ್ರೆ ಕೊಳ್ಳುವ ಮೆಡಿಕಲ್ ಶಾಪಿಗೆ ಹೋದಳು. ಅಂಗಡಿಯವರು ಹಳೆಯ ಬಿಲ್ಲು ಹುಡುಕಿ ತೆಗೆದರು. ಬಿಲ್ಲಿನ ಫೋಟೊ ನಮ್ಮ ಊಟದ ಮೇಜಿಗೆ ಬಂದಾಗ ಇಲ್ಲಿ ಹತ್ತೂವರೆ. ಫೋನಿನಲ್ಲೇ ಸಿಕ್ಕ ವೈದ್ಯರು ಅದನ್ನು ನೋಡಿ ಚೀಟಿ ಬರೆದರು. ಗೌರಿ ಹಬ್ಬದ ಬೆಳಿಗ್ಗೆ ಮಾತ್ರೆ ಬಂತು. ಬಾಗಿನಕ್ಕೆ ಮೊರ ಇರಲಿಲ್ಲ, ಸ್ಟೀಲ್ ತಟ್ಟೆಯಲ್ಲೇ ಕೊಟ್ಟೆವು.

ಆ ಮನೆ ಉಳಿಯಿತು. ವಾರದ ಬಳಿಕ ಅವರು ಹಿಂತಿರುಗಿದರು, ಸೂಟ್‌ಕೇಸು ಮಂಚದ ಕೆಳಗೇ ಇತ್ತು. ಆದರೆ ಅದೇ ಬೆಂಕಿಯಲ್ಲಿ ಸುಮಾರು 1,490 ಕಟ್ಟಡಗಳು ಸುಟ್ಟವು. ಕಾಳ್ಗಿಚ್ಚಿಗೆ ಸಿದ್ಧವಾಗಬೇಕಾದ ಮನೆ ಒಂದಲ್ಲ, ಎರಡು ಎಂಬುದು ನಮಗೆ ತಿಳಿದದ್ದು ಆ ರಾತ್ರಿ. ಕ್ಯಾಲಿಫೋರ್ನಿಯಾದ ಮನೆ ಒಂದು, ಕರ್ನಾಟಕದಲ್ಲಿ ಈ ಪುಟ ಓದುತ್ತಿರುವ ನಿಮ್ಮ ಮನೆ ಇನ್ನೊಂದು.

ಮಳೆ ಬರುವುದು ಚಳಿಗಾಲದಲ್ಲಿ

ಊರಿನವರು ಕೇಳುವ ಮೊದಲ ಪ್ರಶ್ನೆ, ಬೆಂಕಿಗೊಂದು ಸೀಸನ್ ಎಂದರೇನು? ನಮ್ಮಲ್ಲಿ ಕಾಡಿಗೆ ಬೆಂಕಿ ಬೀಳುವುದು ಮುಂಗಾರಿಗೆ ಮೊದಲು. 2019ರ ಬಂಡೀಪುರದ ಬೆಂಕಿ ಫೆಬ್ರುವರಿಯಲ್ಲಿ ಬಿತ್ತು. ಇಲ್ಲಿ ಮಳೆಗಾಲವೇ ಚಳಿಗಾಲ. ಏಪ್ರಿಲ್–ಮೇ ಹೊತ್ತಿಗೆ ಮಳೆ ನಿಂತರೆ ಮತ್ತೆ ನೆಲ ನೆನೆಯುವುದು ಅಕ್ಟೋಬರ್ ಕೊನೆಗೋ ನವೆಂಬರಿಗೋ. ಯುಗಾದಿ ಹೊತ್ತಿಗೆ ಹಸಿರಾಗಿದ್ದ ಗುಡ್ಡಗಳು ಜೂನ್‌ಗೆ ರಾಗಿ ಹುಲ್ಲಿನ ಬಣ್ಣಕ್ಕೆ ತಿರುಗುತ್ತವೆ. ಇಲ್ಲಿಯವರು ಅದನ್ನು ಚಿನ್ನದ ಬಣ್ಣ ಎಂದು ಹೊಗಳುತ್ತಾರೆ, ಒಣಹುಲ್ಲು ಒಣಹುಲ್ಲೇ. ಸೆಪ್ಟೆಂಬರ್ ಕಳೆದ ಮೇಲೆ ಈಶಾನ್ಯದಿಂದ ‘ಡಯಾಬ್ಲೊ’ ಎಂಬ ಒಣಗಾಳಿ ಬೀಸುತ್ತದೆ. ಹೀಗಾಗಿ ನಮ್ಮ ಗೌರಿ–ಗಣೇಶ, ದಸರಾ, ದೀಪಾವಳಿ, ರಾಜ್ಯೋತ್ಸವ ಎಲ್ಲವೂ ಬೆಂಕಿಯ ಕಾಲದಲ್ಲೇ ಬರುತ್ತವೆ.

2018ರ ಬಲಿಪಾಡ್ಯಮಿ, ನವೆಂಬರ್ 8ರ ಬೆಳಿಗ್ಗೆ, ಉತ್ತರದ ಬ್ಯೂಟ್ ಕೌಂಟಿಯಲ್ಲಿ ‘ಕ್ಯಾಂಪ್ ಫೈರ್’ ಹೊತ್ತಿತು. ಪ್ಯಾರಡೈಸ್ ಎಂಬ ಊರು ಹೆಚ್ಚುಕಡಿಮೆ ಪೂರ್ತಿ ಹೋಯಿತು. 85 ಜನ ಸತ್ತರು, ಅವರಲ್ಲಿ ಹೆಚ್ಚಿನವರು ವಯಸ್ಸಾದವರು. 18 ಸಾವಿರಕ್ಕೂ ಹೆಚ್ಚು ಕಟ್ಟಡಗಳು ಸುಟ್ಟವು. ವಿದ್ಯುತ್ ಕಂಪನಿ ಪಿಜಿಅಂಡ್‌ಇಯ ಹಳೆಯ ತಂತಿಯಿಂದ ಬೆಂಕಿ ಹತ್ತಿತ್ತು, ಕಂಪನಿ 2020ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಅದಕ್ಕೆ ಹಿಂದಿನ ವರ್ಷ, 2017ರ ಅಕ್ಟೋಬರಿನಲ್ಲಿ, ‘ಟಬ್ಸ್ ಫೈರ್’ ಸಾಂಟಾ ರೋಸಾ ನಗರದ ಸಾಮಾನ್ಯ ಬಡಾವಣೆಗಳಿಗೆ ನುಗ್ಗಿತ್ತು. ಬೆಂಕಿಯ ಭಯ ಕಾಡಿನಂಚಿನವರಿಗೆ ಮಾತ್ರ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು. ಇನ್ನೂ ಹಿಂದೆ ಹೋದರೆ 1991ರ ಅಕ್ಟೋಬರ್ 20ರಂದು ಓಕ್ಲೆಂಡ್ ಬೆಟ್ಟದ ಮನೆಗಳಿಗೆ ಬಿದ್ದ ಬೆಂಕಿಯಲ್ಲಿ 25 ಜನ ಸತ್ತಿದ್ದರು.

ಮನೆ ಉರಿಯುವುದು ಹೇಗೆ ಎಂಬುದನ್ನು ನಾವು ತಪ್ಪಾಗಿ ಊಹಿಸಿಕೊಂಡಿದ್ದೆವು. ಬೆಂಕಿಯ ಗೋಡೆ ಬಂದು ಮನೆಯನ್ನು ನುಂಗುವುದು ಸಿನಿಮಾದಲ್ಲಿ. ಹೆಚ್ಚಾಗಿ ಆಗುವುದೆಂದರೆ, ಎಲ್ಲೋ ದೂರದ ಬೆಂಕಿಯ ಕೆಂಡದ ಕಿಡಿ ಗಾಳಿಯಲ್ಲಿ ಹಾರಿ ಬಂದು ಸೂರಿನಂಚಿನ ನೀರಿನ ದೋಣಿಯಲ್ಲಿ ತುಂಬಿದ ತರಗೆಲೆಗೋ ಬಾಗಿಲ ಮುಂದಿನ ಚಾಪೆಗೋ ತಗಲುತ್ತದೆ, ಅಥವಾ ಅಟ್ಟದ ಗಾಳಿಕಿಂಡಿಯಿಂದ ಒಳಗೆ ನುಗ್ಗುತ್ತದೆ. ಇಲ್ಲಿಯ ಮನೆಗಳ ಚೌಕಟ್ಟು ಮರದ್ದು. ಇಟ್ಟಿಗೆಯ ಮನೆ ಭೂಕಂಪಕ್ಕೆ ಆಗಿಬರುವುದಿಲ್ಲ. ರಾಜ್ಯದ ಅಗ್ನಿಶಾಮಕ ಇಲಾಖೆ ಕ್ಯಾಲ್ ಫೈರ್ ಮನೆಯ ಸುತ್ತ ನೂರು ಅಡಿಯವರೆಗೆ ಒಣಗಿದ್ದನ್ನು ತೆಗೆಯಿರಿ ಎನ್ನುತ್ತದೆ, ಅದರಲ್ಲೂ ಗೋಡೆಗೆ ಅಂಟಿದ ಮೊದಲ ಐದು ಅಡಿಯಲ್ಲಿ ಉರಿಯುವಂಥದ್ದು ಏನೂ ಇರಬಾರದು ಎನ್ನುತ್ತದೆ.

ಆ ಐದು ಅಡಿಯಲ್ಲಿ ನಮ್ಮವರ ಮನೆಗಳಲ್ಲಿ ಏನೆಲ್ಲ ಇರುತ್ತದೆ! ತೆಂಗಿನ ನಾರಿನ ಕಾಲೊರಸು, ಕಿಟಕಿಗೆ ಹಬ್ಬಿಸಿದ ಮಲ್ಲಿಗೆ ಬಳ್ಳಿ, ಮೂರು ಹಬ್ಬದ ಹಿಂದೆ ಕಟ್ಟಿ ಒಣಗಿ ಗರಿಗರಿಯಾದ ಮಾವಿನ ತೋರಣ, ಚಪ್ಪಲಿ ಗೂಡು, ಎಂದಾದರೂ ಬೇಕಾದೀತೆಂದು ಇಟ್ಟ ರಟ್ಟಿನ ಪೆಟ್ಟಿಗೆಗಳು. ನಮ್ಮ ಮನೆಯದೇ ಪಟ್ಟಿ ಇದು, ಯಾರನ್ನೂ ಅನ್ನುತ್ತಿಲ್ಲ. ಈಗ ಮಲ್ಲಿಗೆ ಕುಂಡ ಅಂಗಳದ ಮಧ್ಯಕ್ಕೆ ಹೋಗಿದೆ, ಗಿಡದ ಬುಡಕ್ಕೆ ಹಾಕಿದ್ದ ಮರದ ಚಕ್ಕೆ ಹೋಗಿ ಜಲ್ಲಿ ಬಂದಿದೆ, ಗಾಳಿಕಿಂಡಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಬಿದ್ದಿದೆ. ಜಾಲರಿಗೆ ಹೆಚ್ಚು ಖರ್ಚಾಗಲಿಲ್ಲ. ಏಣಿ ಹತ್ತುವ ಧೈರ್ಯ ಮಾಡುವುದಕ್ಕೆ ಎರಡು ವರ್ಷ ಹಿಡಿಯಿತು.

ಲೆಕ್ಕದವರ ಪಾಠ

ನಮ್ಮದು ಲೆಕ್ಕಪತ್ರದ ಕೆಲಸ. ಬೇರೆಯವರ ಆಸ್ತಿ ಪಟ್ಟಿ ತಿದ್ದುವುದರಲ್ಲೇ ಇಪ್ಪತ್ತು ವರ್ಷ ಕಳೆದಿದ್ದೇವೆ. ಆದರೆ ಆ ಗೌರಿ ಹಬ್ಬದವರೆಗೆ ನಮ್ಮ ಮನೆಯಲ್ಲಿ ಏನಿದೆ ಎಂಬುದಕ್ಕೆ ಒಂದು ಹಾಳೆ ಕಾಗದವೂ ಇರಲಿಲ್ಲ. ಮನೆ ಸುಟ್ಟ ಮೇಲೆ ವಿಮೆ ಕಂಪನಿ ಕೇಳುವುದೇ ಆ ಪಟ್ಟಿಯನ್ನು. ಸರ್ಕಾರ ವಿಪತ್ತು ಘೋಷಿಸಿದ ಕಡೆ ಪಟ್ಟಿಯಿಲ್ಲದೆಯೂ ಒಂದು ಭಾಗ ಹಣ ಕೊಡಬೇಕೆಂದು ಕ್ಯಾಲಿಫೋರ್ನಿಯಾದಲ್ಲಿ ಕಾನೂನಿದೆ. ಉಳಿದದ್ದಕ್ಕೆ ಪಟ್ಟಿ ಬೇಕೇ ಬೇಕು. ಎಲ್ಲ ಕಳೆದುಕೊಂಡು ಹೋಟೆಲ್ ಕೋಣೆಯಲ್ಲಿ ಕೂತು ಅಡುಗೆಮನೆಯಲ್ಲಿ ಎಷ್ಟು ಪಾತ್ರೆ ಇತ್ತು ಎಂದು ನೆನಪಿಸಿಕೊಳ್ಳುವುದು ಆಗುವ ಕೆಲಸವಲ್ಲ.

ನಾವು ಮಾಡಿದ್ದು ಇಷ್ಟೇ. ಒಂದು ಭಾನುವಾರ ಫೋನ್ ಹಿಡಿದು ಮನೆಯೆಲ್ಲ ನಡೆದೆವು. ಪ್ರತಿ ಬೀರು, ಪ್ರತಿ ಡ್ರಾಯರ್ ತೆರೆದು ವಿಡಿಯೊ ಮಾಡಿ, ಯಾವುದು, ಎಲ್ಲಿ ಕೊಂಡದ್ದು, ಸುಮಾರು ಯಾವ ವರ್ಷ ಎಂದು ಬಾಯಲ್ಲೇ ಹೇಳುತ್ತ ಹೋದೆವು. ಸೀರೆ ಬೀರುವಿಗೇ ನಲವತ್ತು ನಿಮಿಷ ಹಿಡಿಯಿತು. ಒಂದೊಂದು ಮೈಸೂರು ರೇಷ್ಮೆಗೂ ಒಂದೊಂದು ಕಥೆ, ಯಾರ ಮದುವೆಗೆ, ಯಾರು ಕೊಟ್ಟದ್ದು ಎಂದು. ಇರಲಿ, ವಿಮೆಯವರಿಗೆ ಕಥೆ ಬೇಡ, ಬೆಲೆ ಸಾಕು. ಕೈಯಲ್ಲಿ ಬರೆಯುವವರಿಗೆ ಅಮೆರಿಕದ ತೆರಿಗೆ ಇಲಾಖೆಯೇ 584 ನಂಬರಿನ ಪುಸ್ತಿಕೆಯನ್ನು ಪುಕ್ಕಟೆ ಕೊಡುತ್ತದೆ, ಕೋಣೆಕೋಣೆಯ ಸಾಮಾನು ಬರೆಯಲು ಅದರಲ್ಲಿ ಕೋಷ್ಟಕಗಳಿವೆ. ಚಿನ್ನದ ವಿಷಯ ಬೇರೆ. ಒಡವೆಗೆ, ಮುಖ್ಯವಾಗಿ ಕಳವಿಗೆ, ಸಾಮಾನ್ಯ ಪಾಲಿಸಿಗಳು ಸಣ್ಣ ಮಿತಿ ಹಾಕಿರುತ್ತವೆ. ಬೆಂಕಿ ಬಿದ್ದ ಊರಿನಲ್ಲಿ ಖಾಲಿ ಮನೆಗೆ ಕಳ್ಳರೂ ಬರುತ್ತಾರೆ. ಒಡವೆಯನ್ನು ಪಾಲಿಸಿಯಲ್ಲಿ ಬೇರೆಯಾಗಿ ಬರೆಸಬೇಕು, ಇಲ್ಲವೇ ಬ್ಯಾಂಕ್ ಲಾಕರಿನಲ್ಲಿಡಬೇಕು. ಅಂಗಡಿಯ ಬಿಲ್ಲು, ಗ್ರಾಂ ತೂಕ, ಫೋಟೊ ಬೇಕು. ಅಜ್ಜಿಯ ಕಾಲದ ಕಾಸಿನ ಸರಕ್ಕೆ ಬಿಲ್ಲೆಲ್ಲಿಂದ ಬರಬೇಕು? ಅದಕ್ಕೆ ಬೆಲೆ ಕಟ್ಟುವವರ ಹತ್ತಿರ ಪ್ರಮಾಣಪತ್ರ ಮಾಡಿಸಿದೆವು.

ಪಾಲಿಸಿಯಲ್ಲಿ ಇನ್ನೆರಡು ಸಂಗತಿ ನೋಡಬೇಕು. ನಮ್ಮವರು ಮನೆ ಕೊಂಡ ಬೆಲೆ ಹೇಳಿ ‘ಅಷ್ಟಕ್ಕೂ ವಿಮೆ ಇದೆಯಾ’ ಎಂದು ಕೇಳುತ್ತಾರೆ. ಬೇ ಏರಿಯಾದಲ್ಲಿ ಆ ಬೆಲೆಯ ದೊಡ್ಡ ಪಾಲು ಜಾಗದ್ದು, ಜಾಗ ಸುಡುವುದಿಲ್ಲ. ಕೇಳಬೇಕಾದ್ದು ಈ ಮನೆಯನ್ನು ಇಂದಿನ ಕೂಲಿ, ಇಂದಿನ ಮರದ ಬೆಲೆಯಲ್ಲಿ ಮತ್ತೆ ಕಟ್ಟಲು ಎಷ್ಟು ಬೇಕು ಎಂದು. ಲೆಕ್ಕ ತಿಳಿಯಲೆಂದು ಹೇಳುವುದಾದರೆ, 1,800 ಚದರಡಿಯ ಮನೆ, ಚದರಡಿಗೆ 500 ಡಾಲರ್ ಎಂದಿಟ್ಟುಕೊಳ್ಳಿ, 9 ಲಕ್ಷ ಡಾಲರ್ ಆಯಿತು. ಹತ್ತು ವರ್ಷದ ಹಿಂದೆ ಮಾಡಿಸಿದ ಪಾಲಿಸಿಯಲ್ಲಿ 5.5 ಲಕ್ಷ ಇದ್ದರೆ ಉಳಿದ 3.5 ಲಕ್ಷ ಎಲ್ಲಿಂದ ತರುವುದು? ಎರಡನೆಯದು ಸವಕಳಿ. ಬಿಕಾಂನಲ್ಲಿ ನಾವು ಉರು ಹೊಡೆದ ಅದೇ ಸವಕಳಿ. ಹೊಸದರ ಬೆಲೆ ಕೊಡುವ ಪಾಲಿಸಿಯೂ ಇದೆ, ಹಳೆಯದರ ಬೆಲೆ ಮಾತ್ರ ಕೊಡುವ ಪಾಲಿಸಿಯೂ ಇದೆ. ಎರಡನೆಯದರಲ್ಲಿ ಹತ್ತು ವರ್ಷದ ಸೋಫಾಕ್ಕೆ ಒಂದು ಕುರ್ಚಿಯ ದುಡ್ಡೂ ಬರುವುದಿಲ್ಲ.

ಬಾಡಿಗೆ ಮನೆಯಲ್ಲಿರುವ ಎಚ್‌1ಬಿ ಹುಡುಗರು ‘ಮನೆ ನಮ್ಮದಲ್ಲವಲ್ಲ’ ಎಂದು ನಿಶ್ಚಿಂತೆಯಿಂದ ಇರುತ್ತಾರೆ. ಮಾಲೀಕರ ವಿಮೆ ಗೋಡೆಗೆ, ಒಳಗಿನ ನಿಮ್ಮ ಸಾಮಾನಿಗಲ್ಲ. ಬಾಡಿಗೆದಾರರ ವಿಮೆಗೆ ತಿಂಗಳಿಗೆ ಒಂದು ಹೋಟೆಲ್ ಊಟದಷ್ಟು ಖರ್ಚಾದೀತು. ಮನೆ ವಾಸಕ್ಕೆ ಯೋಗ್ಯವಾಗುವವರೆಗೆ ಬೇರೆಡೆ ಇರುವ ಖರ್ಚನ್ನೂ ಸಾಮಾನ್ಯವಾಗಿ ಅದು ಕೊಡುತ್ತದೆ. ಊರಿನಲ್ಲಿರುವ ತಂದೆತಾಯಂದಿರು ಮಗ–ಮಗಳನ್ನು ಈ ಒಂದು ಪ್ರಶ್ನೆ ಕೇಳಿ ನೋಡಿ.

ಬೆಟ್ಟದ ತಪ್ಪಲಿನಲ್ಲಿ ಸ್ವಂತ ಮನೆ ಮಾಡಿದವರ ಕಷ್ಟ ಇನ್ನೊಂದು ಬಗೆಯದು. ದೊಡ್ಡ ವಿಮೆ ಕಂಪನಿಗಳು ಹಿಂದೆ ಸರಿಯುತ್ತಿವೆ. ಸ್ಟೇಟ್ ಫಾರ್ಮ್ 2023ರ ಮೇ ತಿಂಗಳಿಂದ ರಾಜ್ಯದಲ್ಲಿ ಹೊಸ ಮನೆ ಪಾಲಿಸಿ ನಿಲ್ಲಿಸಿತು, 2024ರಲ್ಲಿ ಸುಮಾರು 72 ಸಾವಿರ ಪಾಲಿಸಿಗಳನ್ನು ನವೀಕರಿಸುವುದಿಲ್ಲ ಎಂದಿತು. ನಮ್ಮ ಪರಿಚಯದ ಒಬ್ಬರಿಗೆ ಬೇರೊಂದು ಕಂಪನಿಯಿಂದ ಅಂಥ ಪತ್ರ ಬಂದಿತ್ತು. ಜಾಹೀರಾತೆಂದು ತಿಳಿದು ಒಡೆಯದೆ ಇಟ್ಟಿದ್ದರು! ಕ್ಯಾಲಿಫೋರ್ನಿಯಾದಲ್ಲಿ 75 ದಿನ ಮೊದಲೇ ತಿಳಿಸಬೇಕೆಂಬ ನಿಯಮವಿದೆ, ಅವರಿಗೆ ಉಳಿದದ್ದು ಒಂಬತ್ತೇ ದಿನ. ಯಾರೂ ವಿಮೆ ಕೊಡದಿದ್ದರೆ ಕೊನೆಯ ಆಸರೆಯಾಗಿ ‘ಫೇರ್ ಪ್ಲಾನ್’ ಎಂಬುದು 1968ರಿಂದ ಇದೆ. ಅದು ಮುಖ್ಯವಾಗಿ ಬೆಂಕಿಗೆ. ಕಳವಿಗೆ, ನೀರಿನ ಸೋರಿಕೆಗೆ ಇನ್ನೊಂದು ಪಾಲಿಸಿ ಬೇರೆ ಬೇಕು.

ಹೊಗೆ, ಕತ್ತಲೆ

ಫ್ರೀಮಾಂಟಿನ ಬಯಲಿನಲ್ಲಿರುವ ನಮಗೆ ಬೆಂಕಿಗಿಂತ ಹೆಚ್ಚಾಗಿ ಬರುವುದು ಹೊಗೆ. ಕ್ಯಾಂಪ್ ಫೈರ್ ಹೊಗೆ ಇನ್ನೂರೈವತ್ತು ಕಿಲೊಮೀಟರ್ ದೂರದಿಂದ ಬಂದು ಎರಡು ವಾರದಷ್ಟು ಕಾಲ ಇಲ್ಲಿ ಕೂತಿತ್ತು, ಶಾಲೆಗಳನ್ನೂ ಮುಚ್ಚಿದರು. ಗಾಳಿಯ ಗುಣಮಟ್ಟ ಸೂಚ್ಯಂಕ 150 ದಾಟಿದರೆ ಎಲ್ಲರಿಗೂ ಕೆಟ್ಟದ್ದು, ಆಸ್ತಮಾ ಇರುವವರಿಗೆ 100 ದಾಟಿದರೇ ಕೆಟ್ಟದ್ದು. ಬಟ್ಟೆಯ ಮಾಸ್ಕ್ ಹೊಗೆಯನ್ನು ತಡೆಯುವುದಿಲ್ಲ, ಎನ್‌95 ಬೇಕು. ಕಿಟಕಿ ಮುಚ್ಚಿ, ಮನೆಯ ಗಾಳಿಯಂತ್ರಕ್ಕೆ ಮರ್ವ್ 13 ದರ್ಜೆಯ ಫಿಲ್ಟರ್ ಹಾಕಿ, ಒಂದು ಕೋಣೆಯನ್ನಾದರೂ ಶುದ್ಧವಾಗಿಟ್ಟುಕೊಳ್ಳಬೇಕು. ಫಿಲ್ಟರನ್ನು ಜೂನ್‌ನಲ್ಲೇ ಕೊಳ್ಳಿ, ಹೊಗೆ ಬಂದ ದಿನ ಅಂಗಡಿಯ ಕಪಾಟು ಖಾಲಿ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಕರಿಯುವುದಿಲ್ಲ, ಊದುಬತ್ತಿ ಹಚ್ಚುವುದಿಲ್ಲ, ಒಣಮೆಣಸಿನಕಾಯಿ ಒಗ್ಗರಣೆಯಂತೂ ಇಲ್ಲವೇ ಇಲ್ಲ. ಇದಕ್ಕೆ ಅಮ್ಮ ಒಪ್ಪಲು ಒಂದು ಇಡೀ ಸೀಸನ್ ಬೇಕಾಯಿತು.

ಇನ್ನು ಕತ್ತಲೆ. ಗಾಳಿ ಜೋರಿದ್ದಾಗ ತಂತಿಯಿಂದ ಬೆಂಕಿ ಹತ್ತದಿರಲೆಂದು ವಿದ್ಯುತ್ ಕಂಪನಿಯೇ ಕರೆಂಟ್ ತೆಗೆಯುತ್ತದೆ. 2019ರಲ್ಲಿ ವಿಜಯದಶಮಿಯ ಮರುದಿನ 7 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಹೀಗೆ ತೆಗೆಯಲಾಯಿತು. ಕರೆಂಟ್ ಹೋಗುವುದು ಕರ್ನಾಟಕದವರಿಗೆ ಹೊಸತೇ ಎಂದು ನಾವು ಕೊಚ್ಚಿಕೊಂಡೆವು. ಗ್ಯಾರೇಜಿನ ಬಾಗಿಲು ಕರೆಂಟಿನಿಂದ ತೆರೆಯುವುದು, ಕಾರು ಅದರೊಳಗಿರುವುದು ಆಮೇಲೆ ಹೊಳೆಯಿತು. ಒಳಗೆ ಮೇಲಿನಿಂದ ತೂಗುವ ಹಗ್ಗ ಎಳೆದರೆ ಬಾಗಿಲನ್ನು ಕೈಯಿಂದ ಎತ್ತಬಹುದು. ಮನೆಯ ಎಲ್ಲರೂ, ಊರಿನಿಂದ ಬಂದ ಅಪ್ಪನೂ, ಅದನ್ನು ಒಮ್ಮೆ ಎಳೆದು ನೋಡಿರಬೇಕು. ಎಲೆಕ್ಟ್ರಿಕ್ ಕಾರಿನವರು ಹವಾಮಾನ ಇಲಾಖೆ ‘ರೆಡ್ ಫ್ಲ್ಯಾಗ್’ ಎಂದ ಸಂಜೆಯೇ ಚಾರ್ಜ್ ತುಂಬಿಸಿಡಬೇಕು.

ಹೊರಡುವ ಹೊತ್ತು

ತೆರವು ಎಚ್ಚರಿಕೆ ಬೇರೆ, ತೆರವು ಆದೇಶ ಬೇರೆ. ಎಚ್ಚರಿಕೆ ಎಂದರೆ ಸಿದ್ಧರಾಗಿ, ಆದೇಶ ಎಂದರೆ ಈಗಲೇ ಹೊರಡಿ. ಮನೆಯಲ್ಲಿ ವಯಸ್ಸಾದವರು, ಪುಟ್ಟ ಮಕ್ಕಳು ಇದ್ದರೆ ಎಚ್ಚರಿಕೆಗೇ ಹೊರಟುಬಿಡಬೇಕು ಎಂಬುದು ನಮ್ಮ ನಿಲುವು. ಆದೇಶ ಸಮಯಕ್ಕೆ ಬಂದೇ ಬರುತ್ತದೆ ಎನ್ನುವಂತಿಲ್ಲ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಬಳಿಯ ಆಲ್ಟಡೀನಾದ ಪಶ್ಚಿಮ ಭಾಗಕ್ಕೆ ಅದು ಗಂಟೆಗಟ್ಟಲೆ ತಡವಾಗಿ ಬಂತು, ಆ ಊರಿನಲ್ಲಿ ಸತ್ತವರಲ್ಲಿ ಹೆಚ್ಚಿನವರು ಅದೇ ಭಾಗದವರು. ಫೋನಿಗೆ ಸಂದೇಶ ಬರಲು ಕೌಂಟಿಯ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಬೇಕು. ಸಾಂಟಾ ಕ್ಲಾರಾದವರಿಗೆ ಅಲರ್ಟ್‌ಎಸ್‌ಸಿಸಿ, ನಮ್ಮ ಅಲಮೀಡಾದವರಿಗೆ ಎಸಿ ಅಲರ್ಟ್ ಇದೆ. ಊರಿಂದ ಬಂದ ಅಪ್ಪ–ಅಮ್ಮನ ಫೋನನ್ನೂ ಸೇರಿಸಿ. ನಾವು ಆಫೀಸಿನಲ್ಲಿದ್ದಾಗ ಮನೆಯಲ್ಲಿ ಇರುವವರು ಅವರೇ, ಅವರಿಗೆ ಇಲ್ಲಿ ಕಾರು ಓಡಿಸಲು ಬರುವುದಿಲ್ಲ. ಪಕ್ಕದ ಮನೆಯ ಮೆಕ್ಸಿಕನ್ ದಂಪತಿಗೆ ನಾವು ಹೇಳಿಟ್ಟಿದ್ದೇವೆ. ಅವರ ನಾಯಿಯ ಬೀಗದ ಕೈ ನಮ್ಮಲ್ಲಿದೆ, ನಮ್ಮ ಅಮ್ಮನ ಜವಾಬ್ದಾರಿ ಅವರಲ್ಲಿದೆ.

ಬಾಗಿಲ ಬಳಿಯ ಚೀಲದಲ್ಲಿ ಏನಿರಬೇಕು? ಪಾಸ್‌ಪೋರ್ಟು, ಓಸಿಐ ಕಾರ್ಡು, ಗ್ರೀನ್ ಕಾರ್ಡು ಅಥವಾ ವೀಸಾ ಮಂಜೂರಾತಿ ಪತ್ರಗಳು, ಹದಿನೈದು ದಿನದ ಮಾತ್ರೆ, ಮಾತ್ರೆಯ ಹೆಸರು ಬರೆದ ಚೀಟಿ, ಕನ್ನಡಕ, ಸ್ವಲ್ಪ ನಗದು. ಇವುಗಳ ಜತೆಗೆ ನಮ್ಮ ಪೀಳಿಗೆಯವರು ಇನ್ನೊಂದು ಕಟ್ಟು ಇಡಬೇಕು: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಜನನ ಪ್ರಮಾಣಪತ್ರ. ನಮ್ಮ ವಯಸ್ಸಿನ ಎಷ್ಟೋ ಜನರಿಗೆ ಜನನ ನೋಂದಣಿಯೇ ಆಗಿರಲಿಲ್ಲ. ಗ್ರೀನ್ ಕಾರ್ಡಿಗಾಗಿ ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ, ಹಿರಿಯರ ಅಫಿಡವಿಟ್ಟು ಮಾಡಿಸಲು ಅಪ್ಪ ಎಷ್ಟು ಸಲ ಕಚೇರಿ ಅಲೆದಿದ್ದಾರೋ. ಅಫಿಡವಿಟ್ಟಿಗೆ ಸಹಿ ಹಾಕಿದ ದೊಡ್ಡಪ್ಪ ಈಗಿಲ್ಲ. ಆ ಕಾಗದ ಇಲ್ಲಿ ಸುಟ್ಟರೆ ಅಲ್ಲಿ ಮತ್ತೆ ಅಲೆಯಬೇಕಾದವರು ಊರಿನವರು.

ಅದಕ್ಕೇ ಈಗ ಎಲ್ಲದರ ನಕಲು ತಿಪಟೂರಿನ ಅಣ್ಣನ ಮನೆಯಲ್ಲಿದೆ. ಸ್ಕ್ಯಾನ್ ಮಾಡಿದ್ದು ಇಂಟರ್‌ನೆಟ್ಟಿನಲ್ಲೂ ಇದೆ, ಅತ್ತಿಗೆಯ ಬೀರುವಿನಲ್ಲಿ ಪೆನ್ ಡ್ರೈವ್ ಮತ್ತು ಒಂದು ಕಟ್ಟು ಜೆರಾಕ್ಸೂ ಇವೆ. ಹೈಸ್ಕೂಲ್ ಟೀಚರ್ ಆಗಿರುವ ಅತ್ತಿಗೆ ನಮ್ಮ ಸಂಪರ್ಕದ ಕೊಂಡಿ. ಬೆಂಕಿಯ ಹೊತ್ತಿನಲ್ಲಿ ಇಲ್ಲಿಯ ಫೋನ್ ಜಾಲ ತುಂಬಿಹೋಗಿ ಪಕ್ಕದ ಬೀದಿಗೆ ಮಾತಾಡಲು ಆಗದಿದ್ದರೂ ಸಾವಿರಾರು ಮೈಲಿ ದೂರಕ್ಕೆ ಒಂದು ಪುಟ್ಟ ಮೆಸೇಜ್ ಹೋಗಬಹುದು. ಹಾಗಾಗಿ ದೂರದ ಊರಿನ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ ಎಂದು ಇಲ್ಲಿಯ ಅಧಿಕಾರಿಗಳೇ ಹೇಳುತ್ತಾರೆ. ನಮಗಿಂತ ದೂರದ ಬಂಧುಗಳು ಯಾರಿಗಿದ್ದಾರೆ! ನಾವು ಬೇರೆ ಬೇರೆ ಕಡೆ ಸಿಕ್ಕಿಕೊಂಡರೆ ಪ್ರತಿಯೊಬ್ಬರೂ ಅತ್ತಿಗೆಗೆ ಒಂದು ಸಾಲು ಕಳಿಸುತ್ತೇವೆ, ಅವರು ಉಳಿದವರಿಗೆ ಮುಟ್ಟಿಸುತ್ತಾರೆ.

ಊರಿನವರಲ್ಲಿ ಒಂದು ಬಿನ್ನಹ. 2020ರ ಸೆಪ್ಟೆಂಬರ್ 9ರಂದು ಇಲ್ಲಿ ಹಗಲಿಡೀ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಆ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿ ನಮಗೆ ಒಂದೇ ದಿನ ನಲವತ್ತು ಕರೆ ಬಂದವು. ಪ್ರೀತಿಯಿಂದಲೇ ಬಂದವು, ಆದರೆ ಸಂಜೆಯೊಳಗೆ ಫೋನಿನ ಬ್ಯಾಟರಿ ಸತ್ತಿತು. ಲಾಸ್ ಏಂಜಲೀಸ್ ಉರಿದಾಗಲೂ ಅಷ್ಟೇ. ಅದು ನಮ್ಮಿಂದ ಬೆಂಗಳೂರಿಗೂ ಹೈದರಾಬಾದಿಗೂ ಇರುವಷ್ಟು ದೂರ. ಮಕ್ಕಳ ಊರಿನ ಹೆಸರು, ಕೌಂಟಿಯ ಹೆಸರು, ಅವರ ತೆರವು ವಲಯದ ಸಂಖ್ಯೆ ಒಂದು ಚೀಟಿಯಲ್ಲಿ ಬರೆದು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಡಿ. ಟಿವಿಯಲ್ಲಿ ಬೆಂಕಿ ಕಂಡರೆ ಮೊದಲು ಆ ಚೀಟಿ ನೋಡಿ. ಆಮೇಲೆ ಕರೆ ಬೇಡ, ಮೆಸೇಜ್ ಹಾಕಿ.

ಅತ್ತಿಗೆ ಪ್ರತಿ ವರ್ಷ ಜೂನ್ ಮೊದಲ ಭಾನುವಾರ, ಶಾಲೆ ಶುರುವಾದ ಗಡಿಬಿಡಿಯಲ್ಲೂ, ನಮಗೆ ಹಾಜರಿ ಹಾಕುತ್ತಾರೆ. ಅಮ್ಮನ ಮಾತ್ರೆ ಬದಲಾಯಿತೇ? ವಿಮೆ ಕಂತು ಕಟ್ಟಿದಿರಾ? ಪಾಸ್‌ಪೋರ್ಟ್ ಎಲ್ಲಿದೆ? ಈ ವರ್ಷ ಮೂರನೆಯ ಪ್ರಶ್ನೆಗೆ ನಾವು ತಡವರಿಸಿದೆವು. ಮಗಳ ಪಾಸ್‌ಪೋರ್ಟ್ ರಜೆಗೆ ಊರಿಗೆ ಹೋಗಿ ಬಂದ ಸೂಟ್‌ಕೇಸಿನಲ್ಲೇ ಇತ್ತು. ಹುಡುಕಿ ಚೀಲಕ್ಕೆ ಹಾಕಿ ಫೋಟೊ ಕಳಿಸುವವರೆಗೂ ಅವರು ಫೋನ್ ಇಡಲಿಲ್ಲ.